ಮುನಿ ಮುರಿದ ಉಪವಾಸ

ಸೋಫಾದ ಒಂದು ತುದಿ ಎತ್ತಿ ಹಿಡಿದುಕೊಂಡೇ ಓಸ್ವಿನ್ ಹೇಳಿದ, “ಈ ಕ್ಯಾಜಿಟನ್ ಪ್ರಾರ್ಥನೆಗೆ ಕೂತರೆ ಹೀಥ್ರೋದ ವಿಮಾನಗಳು ಎಂಜಿನ್ ಆಫ್ ಮಾಡಿ ಈ ಮಾಡಿನ ಮೇಲಿಂದ ದಾಟ್ತಿದ್ದವು ಡಾಕ್ಟ್ರೇ. ನಾನು ಕಣ್ಣಾರೆ ಕಂಡದ್ದು.”

ಇನ್ನೊಂದು ತುದಿ ಹಿಡಿದಿದ್ದ ಡಾಕ್ಟರ್ ಮುರಿಗೆಪ್ಪ ಏದುಸಿರು ಬಿಟ್ಟರು. “ಮೊದಲ ಸೋಫಾ ಎತ್ತಪಾ. ವಿಮಾನ ಆಮ್ಯಾಲೆ ಇಳಸೋಣಂತ.”

ಕ್ಯಾಜಿಟನ್‌ನ ಶವಪೆಟ್ಟಿಗೆ ಬರುವುದರೊಳಗೆ ಜಾಗ ಮಾಡಬೇಕಿತ್ತು. ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದ ಪಕ್ಕದ ಫೆಲ್ಥಮ್‌ನ ಆ ಮುಂಕೋಣೆ ಎಷ್ಟು ಚಿಕ್ಕದೆಂದರೆ, ಅಲ್ಲಿ ಸೀನಿದರೆ ಪಕ್ಕದ ಮನೆಯವರು ‘ಬ್ಲೆಸ್ ಯು’ ಎನ್ನುತ್ತಿದ್ದರು. ಭಾನುವಾರ ಸಂಜೆ ಅಲ್ಲಿಯೇ ಗೆಳೆಯ ಓಸ್ವಿನ್ ಮೊದಲಾದ ನಾಲ್ಕಾರು ಜನರನ್ನು ಕೂರಿಸಿಕೊಂಡು ಕ್ಯಾಜಿಟನ್, ಸಾವಿರದ ಏಳುನೂರು ವರ್ಷಗಳ ಹಿಂದೆ ಈಜಿಪ್ಟಿನ ಮರುಭೂಮಿಗೆ ಹೊರಟುಹೋದ ಕ್ರೈಸ್ತ ಮುನಿಗಳ ಕತೆ ಹೇಳುತ್ತಿದ್ದ. ಲಂಡನ್ನಿನದೇ ಇನ್ನೊಂದು ಬಡಾವಣೆ ಕೆಂಟನ್‌ನಿಂದ ಧಾರವಾಡ ಮೂಲದ ಮುರಿಗೆಪ್ಪ ತಪ್ಪದೆ ಬರತೊಡಗಿದ ಮೇಲೆ ಕೂಟದ ಮಾತು ಕೊಂಕಣಿಯಿಂದ ಕನ್ನಡಕ್ಕೆ ತಿರುಗಿತ್ತು. ಕ್ಯಾಜಿಟನ್‌ಗೆ ಹಗಲಿಡೀ ವಿಮಾನದ ಊಟದ ಟ್ರೇಗಳನ್ನು ಮುಚ್ಚುವ ಕೆಲಸ. ಬುಧವಾರ, ಶುಕ್ರವಾರ ಆ ಮುನಿಗಳಂತೆ ಉಪವಾಸ.

“ಈಸ್ಟರಿಗೆ ಮೊದಲಿನ ನಲವತ್ತು ದಿನ, ಇಡೀ ತಪಸ್ಸುಕಾಲ, ಬರೀ ಗಾಳಿ ಕುಡಿದು ಇರ್ತಿದ್ದ ಮಾರಾಯ್ರೆ. ಇವತ್ತು ಚರ್ಚಿನಲ್ಲಿ ಎಲ್ಲ ಹೇಳ್ತೇನೆ,” ಎಂದ ಓಸ್ವಿನ್.

ಅಡುಗೆಮನೆಯ ಬಾಗಿಲಲ್ಲಿ ಕ್ಯಾಜಿಟನ್‌ನ ಹೆಂಡತಿ ಜೂಡಿತ್ ನಿಂತಿದ್ದಳು. “ನೀನು ಚರ್ಚಿನಲ್ಲಿ ಮಾತಾಡುವುದು ಬೇಡ.”

“ಎಂತಕ್ಕೆ?”

“ಮಾಂಸ ಮುಟ್ಟಬಾರದ ಗುಡ್ ಫ್ರೈಡೇ ದಿನ ನಿನ್ನ ಟೇಬಲ್ಲಿನಲ್ಲಿ ಕೂತು ಹಂದಿ ತಿಂದವನನ್ನು ಮುನಿ ಅಂದ್ರೆ ಜನ ಪೆಟ್ಟಿಗೆ ಎದುರೇ ನಗ್ತಾರೆ. ಎಷ್ಟು ಕೇಳಿದರೂ ಅವನು ಒಂದು ಉತ್ತರ ಕೊಡ್ಲಿಲ್ಲ. ಅವನ ಉಪವಾಸ ನಿಜವಾ, ವೇಷವಾ, ನನಗೇ ಗೊತ್ತಿಲ್ಲ. ಮೇಲಿಂದ ನಿನ್ನ ಬುರುಡೆ ಬೇರೆ ಕೇಳ್ಬೇಕಾ?”

“ಮಮ್ಮಿ, ನಾಟ್ ಟುಡೇ,” ಎಂದಳು ಮಗಳು ವೆನಿಶಾ.

* * *

ಹೋದ ವರ್ಷದ ಆ ಗುಡ್ ಫ್ರೈಡೇ ಮಧ್ಯಾಹ್ನ ಆರಾಧನೆ ಮುಗಿದರೂ ಮನೆಗೆ ಬಾರದ ಗಂಡನನ್ನು ಹುಡುಕಿಕೊಂಡು ಜೂಡಿತ್ ಹತ್ತಿರದ ಹೇಸ್ ಬಡಾವಣೆಗೆ ಹೋಗಿದ್ದಳು. ಓಸ್ವಿನ್‌ನ ಫ್ಲ್ಯಾಟಿಗೆ ಏರುವ ಲಿಫ್ಟಿನಲ್ಲೇ ಮಂಗಳೂರಿನ ಹಂದಿಸಾರಿಗೆ ಹಾಕುವ ಬಾಫತ್ ಮಸಾಲೆಯ ಪರಿಮಳ. ಆ ಪರಿಮಳಕ್ಕೆ ಅರ್ಧ ಹೇಸ್ ತನ್ನ ಸತ್ತ ಅಜ್ಜಿಯರನ್ನು ನೆನೆದಿರಬೇಕು. ಬಾಗಿಲು ತೆರೆದಿತ್ತು. ಒಲೆಯ ಕಡೆ ಮುಖ ಮಾಡಿದ್ದ ಓಸ್ವಿನ್ ಅವಳನ್ನು ನೋಡಲಿಲ್ಲ. ಕ್ಯಾಜಿಟನ್ ನೋಡಿದ. ತಲೆ ತಗ್ಗಿಸಿದ. ಬ್ರೆಡ್ಡು ಮುರಿದು ಹಂದಿಮಾಂಸದ ಸಾರಿನಲ್ಲಿ ಅದ್ದುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಜೂಡಿತ್ ಸಿಟ್ಟಿನಲ್ಲಿ ತಂಗಿಯೊಬ್ಬಳಿಗೇ ಫೋನು ಮಾಡಿದ್ದು. ಈಸ್ಟರ್ ಗಂಟೆ ಬಾರಿಸುವ ಮೊದಲೇ ಪಶ್ಚಿಮ ಲಂಡನ್ನಿನ ಮಂಗಳೂರಿನವರಿಗೆಲ್ಲ ಸುದ್ದಿ ಮುಟ್ಟಿತ್ತು. ಆಮೇಲೆ ಅವಳು ಭಾನುವಾರದ ಕೂಟದಲ್ಲಿ ಕೂರಲೇ ಇಲ್ಲ.

* * *

ಮುರಿಗೆಪ್ಪ ಸೋಫಾ ಇಳಿಸಿದರು. “ಗಾಳಿ ಕುಡದಾಂವ ಹಂದಿ ಹೆಂಗ ತಿಂದನಪಾ? ಈಗರ ಖರೇ ಹೇಳು.”

ಓಸ್ವಿನ್ ಸೋಫಾದ ಕೈಯ ಮೇಲೆ ಕುಸಿದು ಕೂತ. “ಎಂಜಿನ್ ಆಫ್ ಮಾಡಿದ್ದು ಸುಳ್ಳು. ಗಾಳಿ ಕುಡಿದದ್ದೂ ಸುಳ್ಳು. ಹಂದಿ ತಿಂದದ್ದು ನಿಜ. ಬೇಯಿಸಿದವ ನಾನು.”

“ಗುಡ್ ಫ್ರೈಡೇ ದಿನ?”

“ನನಗೆ ಅದು ಗುರುವಾರ ಅಂತಲೇ ಇತ್ತು. ಕಾರ್ಗೋದ ನೈಟ್ ಶಿಫ್ಟಿನಲ್ಲಿ ವಾರ ಯಾವುದಂತ ಯಾರಿಗೆ ಗೊತ್ತಾಗ್ತದೆ? ಹೆಂಡತಿ ಸತ್ತ ಮೇಲೆ ಒಲೆ ಹಚ್ಚಿದ್ದೇ ಅವತ್ತು. ಅವಳ ಪಾತ್ರೆಯಲ್ಲೇ ಮಾಡಿದೆ. ಒಬ್ಬನೇ ತಿನ್ನಲಿಕ್ಕೆ ಆಗ್ಲಿಲ್ಲ, ಇವನಿಗೆ ಫೋನ್ ಮಾಡಿದೆ. ಖಾಲಿ ಹೊಟ್ಟೆಯಲ್ಲಿ ಬಂದ. ದಿನ ಯಾವುದಂತ ಹೇಳ್ಲೇ ಇಲ್ಲ. ಕೂತ, ತಿಂದ.”

“ದಿನ ಗೊತ್ತಾದ ಮೇಲೆ ಅವನನ್ನು ಕೇಳ್ಲಿಲ್ವಾ?” ಜೂಡಿತ್‌ಳ ಸ್ವರ ಇಳಿದಿತ್ತು.

“ಕೇಳಿದೆ. ‘ಆ ಮುನಿಗಳು ಇನ್ನೊಬ್ಬನಿಗಾಗಿ ಉಪವಾಸ ಮುರೀತಿದ್ರು. ಉಪವಾಸ ನಾಳೆಯೂ ಸಿಗ್ತದೆ. ನೀನು ನಾಳೆ ಸಿಗ್ತೀ ಅಂತ ನಿನ್ನ ಮುಖ ನೋಡಿ ನನಗೆ ಧೈರ್ಯ ಬರ್ಲಿಲ್ಲ’ ಅಂದ. ಜೂಡಿತ್‌ಗೆ ಹೇಳು ಅಂದೆ. ‘ನಿನ್ನ ತಪ್ಪು ತೋರಿಸಿ ನನ್ನ ಮಾನ ಉಳಿಸಿಕೊಳ್ಳುವುದಾ?’ ಅಂದ. ನನಗೂ ನಾಚಿಕೆ. ಅದನ್ನು ಮುಚ್ಚಲಿಕ್ಕೇ ಈ ಬುರುಡೆ ಎಲ್ಲ.”

“ಇಷ್ಟು ಚಲೋ ಖರೇ ಇಟಗೊಂಡು ಆ ಸುಳ್ಳು ಯಾಕ ಹೇಳ್ತಿದ್ದಿಪಾ?” ಎಂದರು ಮುರಿಗೆಪ್ಪ.

ಜೂಡಿತ್ ಬೆನ್ನು ನೆಟ್ಟಗೆ ಮಾಡಿ ನಿಂತಳು. “ಚರ್ಚಿನಲ್ಲಿ ಇದನ್ನೇ ಹೇಳು. ಹಂದಿ ಅಂತಲೇ ಹೇಳು. ಕೊನೇ ಬೆಂಚಿಗೂ ಕೇಳ್ಬೇಕು.”

ಬೆಲ್ಲು ಆಯಿತು. ಪಕ್ಕದ ಮನೆಯ ಇಂಗ್ಲಿಷ್ ಮುದುಕಿ, ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆ. “ಶೆಪರ್ಡ್ಸ್ ಪೈ, ಲವ್. ಸ್ಟಿಲ್ ಹಾಟ್.”

ವೆನಿಶಾ ತಾಯಿಯ ಕಿವಿಯಲ್ಲಿ, “ಮಮ್ಮಿ, ಇಟ್ಸ್ ಲ್ಯಾಂಬ್, ಕುರಿಮಾಂಸ. ಇವತ್ತು ತಪಸ್ಸುಕಾಲದ ಶುಕ್ರವಾರ,” ಎಂದಳು.

ಜೂಡಿತ್ ಮುದುಕಿಯ ತೋಳು ಹಿಡಿದು ಒಳಗೆ ಕರೆತಂದು ಟೇಬಲ್ಲಿಗೆ ಕೂರಿಸಿದಳು, ಎದುರಿಗೆ ತಾನೂ ಕೂತಳು.

ಶವಪೆಟ್ಟಿಗೆಯ ವ್ಯಾನಿನವರು ಒಳಗೆ ಇಣುಕಿದಾಗ, ಕಪ್ಪು ಉಡುಪಿನ ವಿಧವೆ ಬಾಯಿ ತುಂಬ ಮಾಂಸ ಅಗಿಯುತ್ತ, ಬಾವುಟದಂತೆ ಚಮಚ ಎತ್ತಿ ಅವರನ್ನೂ ಊಟಕ್ಕೆ ಕರೆಯುತ್ತಿದ್ದಳು.