ಕೆರೆದರೂ ಹೋಗದ ಬಿಳುಪು

ಭೂಮಿಯ ದಕ್ಷಿಣ ತುದಿಯ ಆ ಊರಿಗೆ ಜುಲೈ ಎಂದರೆ ನಡುಚಳಿಗಾಲ, ಬೆಳಗಾಗುವುದು ಒಂಬತ್ತು ಗಂಟೆಗೆ. ಆದರೆ ಕೆಲಸಕ್ಕೆ ಹೋಗುವವರನ್ನು ಸೂರ್ಯ ಕಾಯಿಸುವಂತಿಲ್ಲ. ಆರೂವರೆಯಿಂದಲೇ ಬೀದಿದೀಪದ ಕೆಳಗೆ ಕರಕರ ಸದ್ದು ಶುರುವಾಗುತ್ತದೆ. ಮನೆಗೊಬ್ಬರು ತಮ್ಮ ತಮ್ಮ ಕಾರಿನ ಮೇಲೆ ಬಾಗಿ ಮುಂದಿನ ಗಾಜಿಗೆ ಕಟ್ಟಿದ ಮಂಜುಗಡ್ಡೆ ಕೆರೆಯುತ್ತಿರುತ್ತಾರೆ. ಒಬ್ಬರ ಕೈಯಲ್ಲಿ ಅವಧಿ ಮುಗಿದ ಬ್ಯಾಂಕ್ ಕಾರ್ಡು, ಇನ್ನೊಬ್ಬರ ಕೈಯಲ್ಲಿ ಅಡುಗೆಮನೆಯ ಮರದ ಸಟ್ಟುಗ. ರುಪೆರ್ತೊ ಓಯಾರ್ಸೊ ಕೆರೆಯುತ್ತಿದ್ದದ್ದು ಕ್ಯಾಸೆಟ್ ಡಬ್ಬಿಯ ಅರ್ಧ ಮುಚ್ಚಳದಿಂದ. ಕ್ಯಾಸೆಟ್ಟುಗಳು ಹೋಗಿ ಎಷ್ಟೋ ವರ್ಷವಾಗಿತ್ತು, ಮುಚ್ಚಳ ಮಾತ್ರ ಉಳಿದಿತ್ತು.

ಊರಾಚೆ ಇಪ್ಪತ್ತೆರಡು ಕಿಲೋಮೀಟರ್ ದೂರದಲ್ಲಿ ಕುರಿಮಾಂಸ ತಣ್ಣಗಿಡುವ ಕಾರ್ಖಾನೆ. ಅಲ್ಲಿಗೆ ಮೂವರು ಹೆಂಗಸರನ್ನು ಅವನು ದಿನಾ ಕರೆದುಕೊಂಡು ಹೋಗಿ, ಸಂಜೆ ಕರೆತರುತ್ತಿದ್ದ. ಹೆಂಗಸರು ಬದಲಾಗಿದ್ದರು, ಕಾರು ಬದಲಾಗಿತ್ತು, ಅವನು ಮೂವತ್ತೊಂದು ವರ್ಷದಿಂದ ಅವನೇ. ಒಂದು ಬೆಳಿಗ್ಗೆಯೂ ತಪ್ಪಿಸಿದವನಲ್ಲ ಎಂದು ಅವನೂ ಹೇಳುತ್ತಿದ್ದ, ಊರೂ ಹೇಳುತ್ತಿತ್ತು.

ಆ ಚಳಿಗಾಲ ಅವನಿಗೆ ಗಾಜಿನ ಮೇಲೆ ಸಿಟ್ಟು ಬಂತು.

"ಹೋಗ್ತಾನೇ ಇಲ್ಲ ಹಾಳಾದ್ದು," ಎನ್ನುತ್ತ ಒಳಗೆ ಬಂದು ಒಲೆಯ ಮುಂದೆ ಕೈ ಕಾಸಿಕೊಳ್ಳುತ್ತಿದ್ದ. "ಎಷ್ಟು ಕೆರೆದ್ರೂ ಬೆಳ್ಳಗೇ ಇರುತ್ತೆ."

ಮೊದಲು ಬಿಸಿಗಾಳಿಯ ಫ್ಯಾನು ಕೆಟ್ಟಿದೆ ಎಂದ. ಅದನ್ನು ಬಿಚ್ಚಿ ಮತ್ತೆ ಜೋಡಿಸಿದ. ಆಮೇಲೆ ಪಕ್ಕದ ಮನೆಯ ನಿಕನೊರ್‌ನ ಹೊಗೆಗೊಳವೆಯ ಕಲ್ಲಿದ್ದಲ ಮಸಿ ಗಾಜಿಗೆ ಹಿಡಿಯುತ್ತಿದೆ ಎಂದು ಬೇಲಿಯ ಬಳಿ ನಿಂತು ಕೂಗಾಡಿದ. ನಿಕನೊರ್ ಸುಮ್ಮನಿರುವ ಗಿರಾಕಿಯಲ್ಲ.

"ಮಸಿ ಕಪ್ಪಗಿರುತ್ತೆ ಕಣೋ, ಓಯಾರ್ಸೊ. ನಿಂಗೆ ಬೆಳ್ಳಗೆ ಕಂಡ್ರೆ ನನ್ನ ಹೊಗೆಗೊಳವೆ ಏನ್ ಮಾಡುತ್ತೆ?"

ಕೊನೆಗೆ ಗಾಜೇ ಸವೆದಿದೆ ಎಂದು ತೀರ್ಮಾನಿಸಿದ. ಗುಜರಿಯಲ್ಲಿ ಹುಡುಕಿ ಅದೇ ಮಾದರಿಯ ಕಾರಿನ ಗಾಜು ತಂದು ಹಾಕಿಸಿದ. ಎರಡು ದಿನ ಹೊಗಳಿದ. ಮೂರನೆಯ ದಿನ ಹೊಸ ಗಾಜಿಗೂ ಬೈಗುಳ ಶುರುವಾಯಿತು.

ಅವನ ಹೆಂಡತಿ ದೆಲ್ಮಿರಾ ಇದನ್ನೆಲ್ಲ ಹೆಚ್ಚು ತಲೆಗೆ ಹಚ್ಚಿಕೊಂಡಿರಲಿಲ್ಲ. ಗಂಡಸರಿಗೆ ಚಳಿಗಾಲದಲ್ಲಿ ಬೈಯಲು ಏನಾದರೊಂದು ಬೇಕು. ಆದರೆ ಒಂದು ಸಂಜೆ ಕಾರಿನ ಬಲಗಡೆಯ ಕನ್ನಡಿ ಇಲ್ಲದೆ ಬಂದ.

"ಎಲ್ಲಿ ಹೋಯ್ತು?"

"ಗಾಳಿ."

ಆ ಊರಿನಲ್ಲಿ ಏನು ಮುರಿದರೂ ಗಾಳಿಯ ಹೆಸರು ಹೇಳಬಹುದು, ಮುಕ್ಕಾಲು ಪಾಲು ಅದು ನಿಜವೂ ಆಗಿರುತ್ತದೆ. ದೆಲ್ಮಿರಾ ಬಾಗಿ ನೋಡಿದಳು. ಬಾಗಿಲಿನ ಮೇಲೆ ಉದ್ದಕ್ಕೆ ಹಸಿರು ಬಣ್ಣ ಉಜ್ಜಿಕೊಂಡಿತ್ತು. ಗಾಳಿಗೆ ಹಸಿರು ಬಣ್ಣ ಇರುವುದಿಲ್ಲ. ಕಾರ್ಖಾನೆಯ ದಾರಿಯ ಸೇತುವೆಯ ಕಟಕಟೆಗೆ ಇರುತ್ತದೆ.

ಮರುದಿನ ಬೆಳಿಗ್ಗೆ ಅವನು ಕೆರೆಯುತ್ತಿದ್ದಾಗ ಬಿಸಿನೀರಿನ ಫ್ಲಾಸ್ಕು ಕೊಡುವ ನೆಪದಲ್ಲಿ ಹೊರಗೆ ಹೋದಳು. ಗಾಜಿನ ಮೇಲ್ಭಾಗದಲ್ಲಿ ಬೆರಳಗಲ ಮಂಜುಗಡ್ಡೆ ಉಳಿದಿತ್ತು, ಅಷ್ಟೆ. ಮಿಕ್ಕಿದ್ದೆಲ್ಲ ಸ್ವಚ್ಛ. ಒಳಗಿನ ಸ್ಟೀರಿಂಗು, ನಡುವಿನ ಕನ್ನಡಿಗೆ ನೇತುಹಾಕಿದ ಜಪಮಾಲೆ, ಹಿಂದಿನ ಸೀಟಿನ ಕಂಬಳಿ, ಎಲ್ಲವೂ ಬೀದಿದೀಪದಲ್ಲಿ ಕಾಣುತ್ತಿದ್ದವು. ರುಪೆರ್ತೊ ಆ ಸ್ವಚ್ಛ ಗಾಜಿನ ನಡುವೆ ಮುಚ್ಚಳ ಒತ್ತಿ ಕೆರೆಯುತ್ತಲೇ ಇದ್ದ.

ಅವಳು ಫ್ಲಾಸ್ಕು ಕೊಟ್ಟು ಒಳಗೆ ಬಂದಳು. ಕೆಲವು ಸಂಗತಿಗಳನ್ನು ಎರಡನೆಯ ಸಲ ನೋಡಿಯೇ ನಂಬಬೇಕು.

ಮಾರನೆಯ ದಿನ ಐದೂವರೆಗೇ ಎದ್ದಳು. ಗಂಡನ ದಪ್ಪ ಕೋಟು ತೊಟ್ಟು ಹೋಗಿ ಇಡೀ ಗಾಜನ್ನು ಮೂಲೆ ಮೂಲೆಯವರೆಗೂ ಕೆರೆದಳು. ಮತ್ತೆ ಕಟ್ಟಿಕೊಳ್ಳದಂತೆ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸಿ, ಮೇಲೊಂದು ರಟ್ಟು ಹೊದಿಸಿ ಬಂದಳು. ಅವನು ಎದ್ದು ಹೊರಗೆ ಹೋದಾಗ ಅಡುಗೆಮನೆಯ ಕಿಟಕಿಯ ಪರದೆ ಸರಿಸಿ ನಿಂತಳು. ರುಪೆರ್ತೊ ರಟ್ಟು ತೆಗೆದು ಪಕ್ಕಕ್ಕೆಸೆದ, ಗಾಜಿನ ಹತ್ತಿರಕ್ಕೆ ಮುಖ ತಂದು ನೋಡಿದ, ಬೈದ. ಕೆರೆಯತೊಡಗಿದ. ಮಂಜುಗಡ್ಡೆಯ ಮೇಲೆ ಪ್ಲಾಸ್ಟಿಕ್ಕು ಕರಕರ ಎನ್ನುತ್ತದೆ, ಒಣಗಾಜಿನ ಮೇಲೆ ಕಿರುಗುಟ್ಟುತ್ತದೆ. ಹನ್ನೆರಡು ನಿಮಿಷ ಕಿರುಗುಟ್ಟಿತು. ಆಮೇಲೆ ಅವನು ಕಾರು ಹತ್ತಿ, ಮೂಲೆಯ ಅಂಗಡಿಯ ಮುಂದೆ ಕಾಯುತ್ತಿದ್ದ ಮೂವರು ಹೆಂಗಸರನ್ನು ಕರೆದುಕೊಂಡು ಹೋಗಲು ಹೊರಟ.

ಅವನು ವಾಪಸು ಬರುವವರೆಗೆ ದೆಲ್ಮಿರಾ ಆ ಮನೆಯಲ್ಲಿ ಒಂದು ಕೆಲಸವನ್ನೂ ಮಾಡಲಿಲ್ಲ.

ಮಧ್ಯಾಹ್ನ ಕುರಿಮಾಂಸದ ಸಾರು ಬಡಿಸಿ ಎದುರು ಕೂತಳು.

"ಇವತ್ತು ಐಸು ಹೇಗಿತ್ತು ಮುದುಕಪ್ಪ?"

"ದರಿದ್ರ. ಬೆರಳು ದಪ್ಪ ಕಟ್ಟಿತ್ತು."

"ಒಂದು ಚೂರೂ ಇರ್ಲಿಲ್ಲ. ಐದೂವರೆಗೇ ನಾನು ಕೆರೆದಿದ್ದೆ."

ಅವನ ಚಮಚ ನಿಂತಿತು. "ಹಾಗಾದ್ರೆ ಮತ್ತೆ ಕಟ್ಕೊಂಡಿರುತ್ತೆ."

"ಸ್ಪಿರಿಟ್ ಹಚ್ಚಿ ಒರೆಸಿ, ರಟ್ಟು ಮುಚ್ಚಿದ್ದೆ. ಕಟ್ಟಲ್ಲ."

"ನಿಂಗೇನ್ ಗೊತ್ತು ಕಾರಿನ ಗಾಜಿನ ವಿಷಯ? ಅಡುಗೆಮನೆ ಕಿಟಕಿ ಒರೆಸ್ಕೊಂಡು ಬಿದ್ದಿರು."

"ಆ ಕ್ಯಾಲೆಂಡರ್‌ನಲ್ಲಿ ಏನಿದೆ ಓದು ನೋಡೋಣ."

"ಜುಲೈ."

"ಜುಲೈ ಅಂತ ಕುರುಡನಿಗೂ ಗೊತ್ತು. ಅದರ ಮೇಲೆ ಚಿತ್ರ ಏನಿದೆ?"

ಅವನು ಗೋಡೆಯ ಕಡೆ ತಿರುಗಲೇ ಇಲ್ಲ. ಬ್ರೆಡ್ಡು ಮುರಿದು ಸಾರಿಗೆ ಅದ್ದಿದ.

"ಕಣ್ಣಿಗೆ ಪೊರೆ ಬಂದಿದೆ, ರುಪೆರ್ತೊ. ನಿಮ್ಮಪ್ಪನಿಗೂ ಬಂದಿತ್ತು. ಡಾಕ್ಟರ್ ಹತ್ರ ಹೋದ್ರೆ ತೆಗೀತಾರೆ."

"ತೆಗೀತಾರೆ, ಮುಂದಿನ ವರ್ಷ! ಪಾಳಿ ಎಷ್ಟುದ್ದ ಇದೆ ಗೊತ್ತಾ? ಅವರು ಮೊದಲು ತೆಗೆಯೋದು ಲೈಸೆನ್ಸನ್ನ. ಅದಕ್ಕೇ ನಾನು—" ಎಂದವನು ಅಲ್ಲಿಗೇ ನಿಲ್ಲಿಸಿದ. ಬಟ್ಟಲು ತಳ್ಳಿ ಎದ್ದು ಹೋಗಿ ಮಲಗಿದ.

ದೆಲ್ಮಿರಾ ಮೇಜಿನ ಬಳಿಯೇ ಕೂತಿದ್ದಳು. ಅವನಿಗೆ ಗೊತ್ತಿಲ್ಲ ಎಂದುಕೊಂಡಿದ್ದಳು ಅವಳು. ಗೊತ್ತಿತ್ತು. ಗೊತ್ತಿದ್ದೂ ಗಾಜನ್ನು ಬೈದ, ನಿಕನೊರ್‌ನನ್ನು ಬೈದ, ಗುಜರಿಗೆ ಹೋಗಿ ಗಾಜು ತಂದ. ಗೊತ್ತಿದ್ದೂ ಮೂರು ಜೀವಗಳನ್ನು ಹಿಂದೆ ಕೂರಿಸಿಕೊಂಡು ಆ ಕತ್ತಲಲ್ಲಿ, ಆ ಜಾರುವ ರಸ್ತೆಯಲ್ಲಿ ದಿನಾ ಹೋಗಿ ಬಂದ. ಅವರಲ್ಲಿ ಸೆಲಿಂದಾಗೆ ಇನ್ನೂ ಮೊಲೆ ಕುಡಿಯುವ ಮಗುವಿತ್ತು. ಗಂಡನ ಮೇಲಿದ್ದ ಕನಿಕರವೆಲ್ಲ ಆ ಮಧ್ಯಾಹ್ನ ತಟ್ಟೆ ತೊಳೆಯುವಷ್ಟರಲ್ಲಿ ಮುಗಿಯಿತು.

ಆ ಹೆಂಗಸರ ಮನೆಗಳಿಗೆ ಹೋಗಿ ಹೇಳಬಹುದಿತ್ತು. ಅವಳು ಹೋಗಲಿಲ್ಲ. ಬೆನ್ನ ಹಿಂದೆ ಹೇಳಿದರೆ ಅದು ಚಾಡಿಯಾಗುತ್ತದೆ, ಅವನು ಇಲ್ಲವೆಂದುಬಿಡುತ್ತಾನೆ, ಮೂವತ್ತೊಂದು ವರ್ಷದ ಹೆಸರು ಅವನ ಪರವಾಗಿ ಸಾಕ್ಷಿ ಹೇಳುತ್ತದೆ. ಅವನ ಎದುರಿಗೇ ಹೇಳಬೇಕು. ಅದಕ್ಕೆ ಅವರೇ ಇವಳ ಬಾಗಿಲಿಗೆ ಬರಬೇಕು.

ಮರುದಿನ ಚಳಿ ಮೈನಸ್ ಹದಿನಾಲ್ಕು ಡಿಗ್ರಿ. ಬೆಳಗಿನ ಐದಕ್ಕೆ ಬಕೆಟ್ಟಿನಲ್ಲಿ ತಣ್ಣೀರು ಹಿಡಿದು ಹೊರಗೆ ಹೋದಳು. ಬಿಸಿನೀರು ಸುರಿದರೆ ಗಾಜು ಸೀಳುತ್ತದೆ, ಅದು ಹೊಸಬರು ಮಾಡುವ ತಪ್ಪು. ತಣ್ಣೀರನ್ನು ಮೇಲಿನಿಂದ ತೆಳ್ಳಗೆ ಇಳಿಬಿಟ್ಟಳು. ಹರಿಯುತ್ತಲೇ ಅದು ಗಟ್ಟಿಯಾಯಿತು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಮತ್ತೆ ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ. ಆರಕ್ಕೆ ಗಾಜಿನ ಮೇಲೆ ಹೆಬ್ಬೆರಳ ದಪ್ಪದ ಗಡ್ಡೆ ಕೂತಿತ್ತು, ವೈಪರುಗಳು ಅದರೊಳಗೆ ಹೂತುಹೋಗಿದ್ದವು. ಒಳಗೆ ಬಂದು ಒಲೆಗೆ ಕಲ್ಲಿದ್ದಲು ಹಾಕಿ ಮಾಟೆ ಸೊಪ್ಪಿನ ಕಷಾಯಕ್ಕೆ ನೀರು ಕಾಯಲಿಟ್ಟಳು.

ರುಪೆರ್ತೊ ಕೆರೆದ. ಮುಚ್ಚಳ ಚೂರಾಯಿತು. ಚಾಕು ತಂದ. ಉಪ್ಪುನೀರು ತಂದ. ಬೀದಿಯ ಮಿಕ್ಕ ಕಾರುಗಳೆಲ್ಲ ಹೊರಟುಹೋದವು. ಏಳೂಕಾಲಿಗೆ ಮೂವರು ಹೆಂಗಸರು ತಲೆಗೆ ಉಣ್ಣೆ ಶಾಲು ಸುತ್ತಿಕೊಂಡು, ಜಾರದಂತೆ ಒಬ್ಬರ ತೋಳು ಒಬ್ಬರು ಹಿಡಿದು ನಡೆದು ಬಂದರು. ಮುಂದೆ ಎದುವಿನಾ, ವಯಸ್ಸಿನಲ್ಲೂ ಬಾಯಲ್ಲೂ ಹಿರಿಯವಳು, ಕರೆಯುವುದು ಮಾತ್ರ ಮರ್ಯಾದೆಯ 'ದೋನ್' ಸೇರಿಸಿ.

"ಏನ್ ದೋನ್ ರುಪೆರ್ತೊ, ಕಾರನ್ನೂ ಕಾರ್ಖಾನೆಯ ಕುರಿಗಳ ಜೊತೆ ಫ್ರಿಜ್ಜಲ್ಲಿ ಇಟ್ಟಿದ್ರಾ?"

"ಹತ್ತು ನಿಮಿಷ ಇರಮ್ಮ."

"ಹತ್ತು ನಿಮಿಷ ಅಂತ ಅಲ್ಲಿ ಮೇಸ್ತ್ರಿಗೆ ನೀವೇ ಹೇಳ್ತೀರಾ?"

ದೆಲ್ಮಿರಾ ಬಾಗಿಲು ತೆಗೆದು ಮೆಟ್ಟಿಲ ಮೇಲೆ ಬಂದು ನಿಂತಳು. ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದ ಮಾತು, ಹೊರಗೆ ಬಂದಾಗ ಚಿಕ್ಕದಾಗಿಯೇ ಬಂತು.

"ನೀರು ಸುರಿದವಳು ನಾನು. ಇವನಿಗೆ ಕಣ್ಣು ಕಾಣ್ಸಲ್ಲ. ಇವನು ಓಡಿಸೋ ಕಾರಲ್ಲಿ ಇನ್ನೊಂದು ಸಲ ಹೋಗ್ಬೇಡಿ."

ರುಪೆರ್ತೊ ಚಾಕು ಹಿಡಿದೇ ಅವಳ ಕಡೆ ತಿರುಗಿದ.

"ಹುಚ್ಚು ಹಿಡಿದಿದೆ ಇವಳಿಗೆ."

"ಹಿಡಿದಿದ್ರೆ ಹಿಡೀಲಿ. ಸೇತುವೆ ಕಟಕಟೆಗೆ ಉಜ್ಜಿದ್ದು ನಾನಾ?"

"ಆವತ್ತು ಗಾಳಿ ಎಳೀತು ಅಂದ್ರಲ್ಲ ದೋನ್ ರುಪೆರ್ತೊ?" ಎಂದಳು ಎದುವಿನಾ. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಸೆಲಿಂದಾ ಮುಂದೆ ಬಂದಳು. ಮೂವತ್ತರ ಹೆಂಗಸು, ಕಾರ್ಖಾನೆಯಲ್ಲಿ ಸರಕು ಎತ್ತುವ ಗಾಡಿ ಓಡಿಸುವವಳು. ಅವಳು ಬೈಯಲಿಲ್ಲ. ಅವನ ಕೈಯಿಂದ ಚಾಕು ತೆಗೆದುಕೊಂಡು, ಗಡ್ಡೆಯ ಅಂಚಿಗೆ ಅದರ ಹಿಡಿಯಿಂದ ನಾಲ್ಕು ಏಟು ಕೊಟ್ಟಳು. ಉಪ್ಪುನೀರು ಒಳಗೆ ಇಳಿದಿತ್ತೇನೋ, ದೊಡ್ಡದೊಂದು ಹೋಳು ಜಾರಿ ಬಾನೆಟ್ಟಿನ ಮೇಲೆ ಬಿತ್ತು. ಇನ್ನೂ ನಾಲ್ಕು ಏಟು. ಚಾಲಕನ ಕಡೆಯ ಗಾಜು ಬಯಲಾಯಿತು.

"ಕೀಲಿ ಕೊಡಿ," ಎಂದಳು.

"ನನ್ನ ಕಾರು."

"ನಿಮ್ಮ ಕಾರೇ. ಪಕ್ಕದಲ್ಲಿ ಕೂತ್ಕೊಳ್ಳಿ. ಇಲ್ಲಾಂದ್ರೆ ನಾವು ರಸ್ತೆಗೆ ಹೋಗಿ ಲಾರಿಗೆ ಕೈ ಅಡ್ಡ ಹಾಕ್ತೀವಿ, ಏನಾಯ್ತು ಅಂತ ಕೇಳಿದವರಿಗೆಲ್ಲ ಹೇಳ್ತೀವಿ."

ಕೀಲಿ ಕೊಟ್ಟನೆಂದಲ್ಲ. ಅದು ಆಗಲೇ ಕಾರಿನಲ್ಲಿತ್ತು, ಎಂಜಿನ್ನು ಒಂದು ಗಂಟೆಯಿಂದ ಓಡುತ್ತಿತ್ತು. ಅವನು ಸುತ್ತು ಹಾಕಿ ಹೋಗಿ ಇನ್ನೊಂದು ಬಾಗಿಲು ತೆಗೆದ. ದೆಲ್ಮಿರಾಳನ್ನು ಯಾರೂ ಕರೆಯಲಿಲ್ಲ. ಅವಳು ಬಾಗಿಲೆಳೆದುಕೊಂಡು ಬಂದು ಹಿಂದಿನ ಸೀಟಿನಲ್ಲಿ ಎದುವಿನಾಳ ಪಕ್ಕ ತುರುಕಿಕೊಂಡು ಕೂತಳು. ಮೂರನೆಯವಳು ಸುನಿಲ್ದಾ, ಎಂದಿನಂತೆ ಕಿಟಕಿಗೆ ತಲೆ ಆನಿಸಿದಳು, ಆದರೆ ಆವತ್ತು ನಿದ್ದೆ ಮಾಡಲಿಲ್ಲ.

ಊರಿನ ದೀಪಗಳು ಹಿಂದಾದವು. ರಸ್ತೆಯ ಎರಡೂ ಕಡೆ ಕುರಿಗಳ ತಂತಿಬೇಲಿ, ಅದರಾಚೆ ಕತ್ತಲು. ಐದಾರು ಕಿಲೋಮೀಟರ್ ಹಾಗೇ ಸಾಗಿತು.

"ಎಷ್ಟು ದಿನದಿಂದ?" ಎಂದು ಎದುವಿನಾ ಮುಂದಿನ ಸೀಟಿನ ಬೆನ್ನಿಗೆ ಕೇಳಿದಳು.

"ಪವಿತ್ರ ವಾರದಿಂದ," ಎಂದ ರುಪೆರ್ತೊ. ಸ್ವಲ್ಪ ತಡೆದು, "ಬಲಗಡೆ ಅಂಚಿನ ಜಲ್ಲಿಯ ಸದ್ದು ಕೇಳಿಸುತ್ತೆ. ಅದು ಕೇಳಿಸಿದ್ರೆ ಎಡಕ್ಕೆ ಎಳ್ಕೊಳ್ತೀನಿ," ಎಂದ.

ಎದುವಿನಾ ಅವನ ತಾಯಿಯನ್ನು ಹಿಡಿದು ಒಂದು ಮಾತು ಬೈದಳು. ದೆಲ್ಮಿರಾ ಗಂಡನ ಪರ ನಿಲ್ಲಲಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದಿಂದ ಎಂದರೆ ನಾಲ್ಕು ತಿಂಗಳು. ದಿನಕ್ಕೆ ಎರಡು ಸಲ. ಅವಳು ಲೆಕ್ಕ ಹಾಕಲು ಹೊರಟು ಬಿಟ್ಟುಬಿಟ್ಟಳು.

ಸೇತುವೆ ದಾಟಿದ ಮೇಲಿನ ಇಳಿಜಾರಿನಲ್ಲಿ ಸೆಲಿಂದಾ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಕಾರನ್ನು ಮೆಲ್ಲಗೆ ನಿಲ್ಲಿಸಿದಳು.

"ಯಾಕ್ ನಿಂತೆ?" ಎಂದ ರುಪೆರ್ತೊ.

ಸೆಲಿಂದಾ ಅವನ ಕಡೆ ನೋಡಿದಳು. ದೀಪದ ಬೆಳಕಿನಲ್ಲಿ, ಕಾರಿನಿಂದ ಹತ್ತು ಮಾರು ದೂರದಲ್ಲಿ, ರಸ್ತೆಯ ನಟ್ಟನಡುವೆ ಒಂಟೆ ಜಾತಿಯ ಎರಡು ಕಾಡು ಗ್ವಾನಾಕೊಗಳು ಉದ್ದ ಕತ್ತು ನಿಗುರಿಸಿ ನಿಂತಿದ್ದವು. ಒಂದೊಂದೂ ಹೋರಿಗರುವಿನಷ್ಟು ಎತ್ತರ. ಅವುಗಳ ಮೂಗಿನಿಂದ ಹೊರಡುವ ಹಬೆ ಹಿಂದಿನ ಸೀಟಿಗೂ ಕಾಣುತ್ತಿತ್ತು.

"ನಿಮಗೇನ್ ಕಾಣುತ್ತೆ ದೋನ್ ರುಪೆರ್ತೊ?"

ಅವನು ಮುಂದಕ್ಕೆ ಬಾಗಿದ. ಅಭ್ಯಾಸಬಲದಿಂದ ತೋಳಿನಲ್ಲಿ ಗಾಜಿನ ಒಳಭಾಗವನ್ನು ಒರೆಸಿದ. ಮತ್ತೆ ನೋಡಿದ.

"ಬೆಳ್ಳಗೆ," ಎಂದ.

"ಗ್ವಾನಾಕೊ," ಎಂದಳು ದೆಲ್ಮಿರಾ ಹಿಂದಿನಿಂದ. "ರಸ್ತೆ ಮಧ್ಯದಲ್ಲೇ ಇವೆ."

ಅವನು ಹಿಂದಕ್ಕೆ ಒರಗಿದ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಆ ಎರಡೂ ಪ್ರಾಣಿಗಳು ಅವಸರವಿಲ್ಲದೆ ರಸ್ತೆ ದಾಟಿ, ತಂತಿಬೇಲಿಯನ್ನು ಒಂದರ ಹಿಂದೆ ಒಂದು ನೆಗೆದು ಹೋದವು. ಸೆಲಿಂದಾ ಗೇರು ಹಾಕಿದಳು.

"ಎಷ್ಟಿದ್ವು?" ಎಂದು ರುಪೆರ್ತೊ ಕೇಳಿದ.

"ಎರಡು. ಹೋದ್ವು."

"ಎರಡು ದಾಟಿದ್ರೆ ಹಿಂದೆ ಇನ್ನೊಂದು ಇರುತ್ತೆ. ಹೊರಡಬೇಡ, ತಾಳು."

ಸೆಲಿಂದಾ ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡಳು. ಕಾರ್ಖಾನೆಗೆ ಆಗಲೇ ಅರ್ಧ ಗಂಟೆ ತಡವಾಗಿತ್ತು. ಎದುವಿನಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಲಗಡೆಯ ಕತ್ತಲಿಂದ ಮೂರನೆಯದು ನೆಗೆದು ಬಂತು, ಮರಿ. ಮಂಜುಗಡ್ಡೆಯ ಮೇಲೆ ಕಾಲು ಜಾರಿ ದೀಪದ ಮುಂದೆಯೇ ಮುಗ್ಗರಿಸಿ, ಎದ್ದು, ಉಳಿದವು ಹೋದ ಕಡೆಗೆ ಓಡಿತು.

"ಬಂತಾ?" ಎಂದ ಅವನು.

"ಬಂತು," ಎಂದಳು ಸೆಲಿಂದಾ.

"ಹಾಗಾದ್ರೆ ಹೊರಡು. ಮುಂದಿನ ತಿರುವಲ್ಲಿ ನೆಲದ ಮೇಲೆ ಐಸು ಕಟ್ಟಿರುತ್ತೆ, ಎರಡನೇ ಗೇರಲ್ಲಿ ಹೋಗು."