ಹುಳುಮನೆಯಲ್ಲಿ ಚಿತ್ರಗಳು

ರೇಷ್ಮೆಹುಳು ಸಾಕುವ ಮನೆಗೆ ಸೊಸೆಯಾಗಿ ಬರುವವಳು ಬಣ್ಣದ ಹುಚ್ಚನ್ನು ತವರಿನಲ್ಲೇ ಬಿಟ್ಟು ಬರಬೇಕು. ನಾನು ಟ್ರಂಕಿನಲ್ಲಿ ಹಾಕಿಕೊಂಡು ಬಂದೆ. ಯಲ್ದೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ, ಹುಳುವಿನ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಬಿಡುವಿನಲ್ಲಿ ಕೂತು ಚಿತ್ರ ಬರೆಯುತ್ತಿದ್ದೆ. ಅತ್ತೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವುದು, ತವರೂರು ದೇವರಾಯಸಮುದ್ರದ ಕೆರೆ, ಇಂಥವೇ. ಇವು ಚಿತ್ರಗಳೋ ಬರೀ ಹಾಳು ಕಾಗದವೋ, ತಿಳಿದವರೊಬ್ಬರು ನೋಡಿ ಹೇಳಿದರೆ ಸಾಕಿತ್ತು. ಆ ಒಂದು ಮಾತಿಗೆ ನಾನು ಹಸಿದಿದ್ದೆ.

ಎಂಬತ್ತಮೂರರಲ್ಲಿ ನನ್ನ ಹಳೆಯ ಡ್ರಾಯಿಂಗ್ ಟೀಚರ್ ಭಾರತಮ್ಮ ಸಂತೆಯಲ್ಲಿ ಸಿಕ್ಕರು. ಬೆಂಗಳೂರಿನ ಕಲಾಶಾಲೆಯ ಮೇಷ್ಟ್ರೊಬ್ಬರು ಕುರುಡುಮಲೆ ದೇವಸ್ಥಾನ ಬರೆಯಲು ಬಂದಿದ್ದಾರೆ, ಭಾನುವಾರ ಅವರನ್ನೂ ನಮ್ಮ ಟೀಚರುಗಳನ್ನೂ ಕರೆತರುತ್ತೇನೆ, ಎಲ್ಲ ತೂಗುಹಾಕಿಡು, ನಿಮ್ಮ ಮನೆಯಲ್ಲೇ ಒಂದು ಪ್ರದರ್ಶನ ಆಗಿಹೋಗಲಿ ಎಂದರು.

ಅಷ್ಟು ಜಾಗವಿದ್ದದ್ದು ಹುಳುಮನೆಯಲ್ಲಿ ಮಾತ್ರ. ಅತ್ತೆ ದೊಡ್ಡಮುನಿಯಮ್ಮ ಮುಖ ಗಂಟು ಹಾಕಿಕೊಂಡರು. ಹೊರಗಿನವರು ಕಾಲಿಟ್ಟರೆ ಹುಳುವಿಗೆ ರೋಗವೂ ತಗಲುತ್ತದೆ, ದೃಷ್ಟಿಯೂ ತಗಲುತ್ತದೆ.

"ಈಗ ಖಾಲಿ ತಾನೆ ಅತ್ತೆ?" ಎಂದೆ.

"ಸೋಮವಾರ ಹುಳದ ಮರಿ ಬರ್ತಾವೆ ಕಣೇ. ಅವ್ರ ಕಾಲಿನ ಧೂಳು ಇಲ್ಲೇ ಇರತ್ತಲ್ಲ?"

ನಮ್ಮ ಯಜಮಾನರು ಸುಬ್ಬರಾಯಪ್ಪ ತಾಯಿಗೆ ಎದುರಾಡಿದವರೇ ಅಲ್ಲ. ಅವತ್ತು ಮಾತ್ರ, "ನೋಡ್ಕೊಂಡು ಹೋಗ್ಲಿ ಬಿಡಮ್ಮ, ಧೂಳಿಗೆ ನಾನೇನಾದ್ರೂ ಮಾಡ್ತೀನಿ" ಎಂದರು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ.

ನೆಲ ಸಾರಿಸಿದೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, ಜಾಲಿಮುಳ್ಳು ಚುಚ್ಚಿ ಒಂದೊಂದಕ್ಕೂ ಒಂದೊಂದು ಚಿತ್ರ ಸಿಕ್ಕಿಸಿದೆ. ದೂರ ನಿಂತು ನೋಡಿದಾಗ ನನ್ನವೇ ಎಂದು ನಂಬಿಕೆ ಬರಲಿಲ್ಲ. ಶನಿವಾರ ಕಾಫಿಪುಡಿ, ಬಿಸ್ಕತ್ತು ತರಲು ಶ್ರೀನಿವಾಸಪುರಕ್ಕೆ ಹೋದೆ.

ವಾಪಸು ಬಂದಾಗ ಹುಳುಮನೆಯ ಬಾಗಿಲ ಸಂದಿಗೆಲ್ಲ ಕಾಗದ ಅಂಟಿಸಿತ್ತು. ಹುಳುವಿಗೆ ರೋಗ ತಗಲದಂತೆ ಮನೆಗೆ ಹೊಡೆಯುವ ಫಾರ್ಮಲಿನ್ ಘಾಟು ಅಂಗಳದಲ್ಲೇ ಮೂಗಿಗೆ ಬಡಿಯಿತು. ಯಜಮಾನರು ಔಷಧಿ ಹೊಡೆದ ಪಂಪನ್ನು ತೊಳೆಯುತ್ತ ಕೂತಿದ್ದರು. ಕಣ್ಣು ಕೆಂಪಗಾಗಿದ್ದರೂ ಮುಖ ಅರಳಿತ್ತು.

"ಮೂಲೆಮೂಲೆಗೂ ಹೊಡೆದಿದೀನಿ ಕಣೇ. ಯಾರು ಬೇಕಾದ್ರೂ ಬರ್ಲಿ, ಅವ್ರು ಹೋದ್ಮೇಲೆ ನೆಲಕ್ಕೆ ಇನ್ನೊಂದ್ಸಲ ಹೊಡೆದ್ರಾಯ್ತು, ಇನ್ನು ಅಮ್ಮ ಕಮಕ್ ಕಿಮಕ್ ಅನ್ನಲ್ಲ."

"ಚಿತ್ರಗಳು?"

"ಅವಕ್ಕೂ ಹೊಡ್ದೆ. ಹುಳದ ತಟ್ಟೆಗೆ ಹಾಸೋ ಪೇಪರ್‌ಗೂ ಹೊಡೀತೀವಲ್ಲ. ಒಣಗಿದ್ರೆ ಸರಿಹೋಗತ್ತೆ."

ಕಾಗದ ಹರಿದು ಒಳಗೆ ನುಗ್ಗಿದೆ. ಎಲ್ಲ ನೀರುಬಣ್ಣದವು. ಕೆರೆ ಇಳಿದು ನೆಲ ಸೇರಿತ್ತು. ಅತ್ತೆಯ ಸೀರೆಯ ಕೆಂಪು ಸೊಪ್ಪಿನ ಹಸಿರಿಗೆ ಹರಿದು ಕೊಚ್ಚೆಯಾಗಿತ್ತು. ಒಂದೂ ಉಳಿದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದು ಔಷಧಿಗೆ ಬಂದದ್ದಲ್ಲ. ಹಿಂದೆಯೇ ಬಂದ ಯಜಮಾನರು ನೋಡಿ ಹೊಸಿಲ ಮೇಲೆ ಕುಸಿದು ಕೂತರು. ಬಾಯಿಗೆ ಬಂದಂತೆ ಬೈದಿದ್ದರೆ ಹಗುರವಾಗುತ್ತಿತ್ತೇನೋ. ನನಗಾಗಿಯೇ ಆ ಘಾಟು ಕುಡಿದವರನ್ನು ಏನೆಂದು ಬೈಯಲಿ?

ಭಾನುವಾರ ಜೀಪು ಬಂತು. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ, "ಎಲ್ಲಮ್ಮಾ ನಿಮ್ಮ ಚಿತ್ರಗಳು?" ಎಂದರು. ಆ ಕೊಚ್ಚೆಯನ್ನು ನೋಡಿ ಅವರು ಪಾಪ ಎನ್ನುವುದು ನನಗೆ ಬೇಕಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತೆ.

"ಮರಿ ಮೊದ್ಲೇ ಬಂದ್ಬಿಟ್ವು ಸಾರ್. ಒಳಗೆ ಹುಳ ಇದೆ, ಹೊರಗಿನವರು ಬರೋ ಹಾಗಿಲ್ಲ."

ನಮ್ಮ ಸೀಮೆಯಲ್ಲಿ ಈ ಮಾತಿಗೆ ಯಾರೂ ಎದುರು ಹೇಳುವುದಿಲ್ಲ. ಭಾರತಮ್ಮ ಟೀಚರೇ ಅವರನ್ನು ಹಿಂದಕ್ಕೆ ಕರೆದರು. ಎಲ್ಲರೂ ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಇನ್ನೊಮ್ಮೆ ಬರ್ತೀವಿ ಎಂದು ಮೇಷ್ಟ್ರು ಹೇಳಿದರು. ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಯಜಮಾನರು ಖಾಲಿ ಹುಳುಮನೆಯ ಬಾಗಿಲು ಹಿಡಿದು ತಲೆ ತಗ್ಗಿಸಿ ನಿಂತಿದ್ದರು.

ಜೀಪು ಹೋದ ಮೇಲೆ ಅತ್ತೆ ಹತ್ತಿರ ಬಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಇಲ್ದಿರೋ ಹುಳನ ಇದೆ ಅನ್ಬಾರ್ದು ತಲ್ಲಿ. ಬೆಳೆ ಕೆಟ್ಟೋಗತ್ತೆ."

"ನಂದಾಗ್ಲೇ ಕೆಟ್ಟೋಯ್ತಲ್ಲ ಅತ್ತೆ" ಎಂದು ಲೋಟ ತೊಳೆಯಲು ಹೋದೆ.