ಭಾನುವಾರ ಸಂಜೆಯವರೆಗೆ

ಸುಟ್ಟಿತು, ರೊಟ್ಟಿಯ ಅಂಚು ಸುಟ್ಟಿತು, ಸುಡಲಿ, ಸುಟ್ಟದ್ದು ನನಗೆ, ಒಳ್ಳೆಯ ಆರು ರೊಟ್ಟಿ ಮಗಳು ಚಿಕ್ಕತಾಯಿಗೆ, ಬಟ್ಟೆಯಲ್ಲಿ ಸುತ್ತಿಟ್ಟರೆ ನಾಳೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತವೆ, ಹುಚ್ಚೆಳ್ಳು ಪುಡಿ ಆಯಿತು, ಬೆಲ್ಲ ಆಯಿತು, ಇನ್ನೇನು — ಹಳೆ ಸೀರೆ ಹರಿದು ಮಡಿಚಿದ ಬಟ್ಟೆಗಳು, ಅವು ಚೀಲದ ತಳದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಅದರ ಮೇಲೆ ಅವಳ ಎರಡು ಲಂಗ, ಅದರ ಮೇಲೆ ಬಾಚಣಿಗೆ. ಏಳು ಗಂಟೆಯ ಮಡಿಕೇರಿ ಬಸ್ಸು ಸಿಗಬೇಕಾದರೆ ಆರಕ್ಕೆ ಮನೆ ಬಿಡಬೇಕು, ಕುಶಾಲನಗರಕ್ಕೆ ಎರಡು ಮೈಲಿ ನಡಿಗೆ, ಗುಡ್ಡೆಹೊಸೂರಿನಲ್ಲಿ ಇಳಿದರೆ ಮರ ತರಲು ಹೋಗುವ ಲಾರಿ ಸಿಗುತ್ತದೆ, ಸಿಗದಿದ್ದರೆ ಕಾಲಿದೆ, ದುಬಾರೆ ಏನು ಕಾಶಿಯೇ, ಅಲ್ಲಿ ನನ್ನ ದೊಡ್ಡಮ್ಮನ ಮಗಳು ವನಜಮ್ಮ ಇದ್ದಾಳೆ, ಅವಳ ಗಂಡ ಫಾರೆಸ್ಟ್ ಗಾರ್ಡು, ಶನಿವಾರ ರಾತ್ರಿ ಅವಳ ಮನೆ, ಭಾನುವಾರ ಬೆಳಿಗ್ಗೆ ಆನೆಗಳನ್ನು ಹೊಳೆಗಿಳಿಸಿ ಉಜ್ಜುವುದನ್ನು ನೋಡಿ, ಸಂಜೆ ಆರಕ್ಕೆಲ್ಲ ಮತ್ತೆ ಈ ಒಲೆಯ ಮುಂದೆ. ಎರಡೇ ದಿನ. ಹದಿನಾರು ವರ್ಷ ಈ ಮನೆಗೆ ಮುದ್ದೆ ತೊಳಸಿದ್ದೇನೆ, ಎರಡು ದಿನ ಅವರೇ ತೊಳಸಿಕೊಳ್ಳಲಿ. ಗಂಡಸಿಲ್ಲದೆ ಹೆಂಗೆ ಹೋಗ್ತೀರ, ಅವ್ವನ್ನ ಒಂದ್ಮಾತು ಕೇಳು ಅಂದರು ಇವರು, ಜವರಯ್ಯ, ಗಂಡನ ಹೆಸರು ಹೇಳಬಾರದಂತೆ, ಮನಸ್ಸಿನಲ್ಲಿ ಹೇಳಿಕೊಂಡರೆ ಯಾರಿಗೆ ಕೇಳುತ್ತದೆ, ಜವರಯ್ಯ, ಜವರಯ್ಯ, ಎತ್ತು ಕೊಳ್ಳುವುದಕ್ಕೂ ಅವ್ವನ್ನ ಕೇಳು, ಚೌರಕ್ಕೂ ಅವ್ವನ್ನ ಕೇಳು, ಹೋದ ವರ್ಷ ಮೊದಲ ಸಲ ಓಟು ಹಾಕುವ ಡಬ್ಬಿಯ ಮುಂದೆ ನಾನು ಒಬ್ಬಳೇ ನಿಂತಾಗ ಯಾವ ಅವ್ವನನ್ನೂ ಕೇಳಲಿಲ್ಲ, ನನಗೆ ಬೇಕಾದವರಿಗೆ ಹಾಕಿದೆ, ಕೊಡಗು ರಾಜ್ಯವೇನೂ ಮುಳುಗಲಿಲ್ಲ.

ಆನೆ ತೋರಿಸುತ್ತೇನೆ ಎಂದು ಉಗಾದಿಗೇ ಮಾತು ಕೊಟ್ಟಿದ್ದೆ, ಅವಳು ದಿನ ಎಣಿಸಿ ಎಣಿಸಿ ಕೊನೆಗೆ ಇವತ್ತು ಶುಕ್ರವಾರ, ಇವತ್ತೇ ಬೆಳಿಗ್ಗೆ ಕೊಟ್ಟಿಗೆಯ ಹಿಂದೆ ನಿಂತು ಅಳುತ್ತಿದ್ದಾಳೆ, ಅವ್ವಾ ನಂಗೇನೋ ಆಗೈತೆ, ಹಳದಿ ಲಂಗದ ಮೇಲೆ ಹುಣಸೆ ಬೀಜದಷ್ಟು ಕಲೆ, ಹನ್ನೊಂದು ತುಂಬಿ ಮೂರು ತಿಂಗಳು, ಇಷ್ಟು ಬೇಗ. ಕೂಗಿ ಹೇಳಬೇಕಿತ್ತು, ಸಂತೋಷದ ಸುದ್ದಿಯಂತೆ ಅದು, ಅಗಸಗಿತ್ತಿಯನ್ನು ಕರೆಸಿ ಲಂಗ ಅವಳ ಕೈಗೆ ಕೊಟ್ಟರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು, ಸೇತುವೆ ದಾಟಿ ಮೈಸೂರು ರಾಜ್ಯಕ್ಕೆ ಆಳು ಓಡುತ್ತಾನೆ, ಅಲ್ಲಿಂದ ನನ್ನ ಅಣ್ಣ ರೇವಣ್ಣ ಹಸಿರು ಸೊಪ್ಪು ಹೊತ್ತು ಬರುತ್ತಾನೆ, ಸೋದರಮಾವನೇ ಗುಡ್ಲು ಹಾಕಬೇಕು, ಅದರೊಳಗೆ ಹದಿನಾರು ದಿನ ಇವಳು ಚಾಪೆಯ ಮೇಲೆ, ಹೊರಗೆ ಬರುವಷ್ಟರಲ್ಲಿ ಆರನೇ ಕ್ಲಾಸು ಮುಗಿದ ಕಥೆ, ಹಕ್ಕಿನ ಹೆಣ್ಣು ಕಣೇ ಲಿಂಗಮ್ಮ, ನನ್ನ ಮಗನಿಗೇ ಅನ್ನುತ್ತಾನೆ ಅಣ್ಣ, ಆ ಮಗನೋ, ಮೀಸೆ ಬರುವ ಮುಂಚೆ ಬೀಡಿ ಕಲಿತವನು. ಬಾಯಿ ಮುಚ್ಚು ಅಂದೆ ಮಗಳಿಗೆ, ಏನೂ ಆಗಿಲ್ಲ, ಭಾನುವಾರ ಸಂಜೆ ಆಗುತ್ತೆ ಇದು, ಭಾನುವಾರ ಸಂಜೆ ಬಂದು ನಾನೇ ಎಲ್ಲರಿಗೂ ಹೇಳ್ತೀನಿ, ಅಲ್ಲೀವರೆಗೆ ನೀನು ಬರೀ ಚಿಕ್ಕತಾಯಿ. ಮೂಗು ಒರೆಸಿಕೊಂಡು ಕೇಳಿದಳು, ಆನೆಗೆ ಗೊತ್ತಾದ್ರೆ ಅವ್ವಾ, ಹತ್ರ ಹೋಗಬೌದಾ. ಆನೇಲೂ ಹೆಣ್ಣವೆ ಕಣೇ ಅಂದೆ. ಎಲ್ಲಿಂದ ಬಂತೋ ಆ ಮಾತು, ನನಗೇ ನಗು ಬಂತು, ಅವಳೂ ನಕ್ಕಳು. ಗುಡ್ಲು ಹಾಕಲಿ, ಬೇಡ ಅಂದವರು ಯಾರು, ಆರತಿ ಎತ್ತಲಿ, ಚಿಗಳಿ ತಂಬಿಟ್ಟು ತಿನ್ನಿಸಲಿ, ಹದಿನೇಳನೆಯ ದಿನ ಪುಸ್ತಕ ಎತ್ತಿಕೊಂಡು ಸ್ಕೂಲಿಗೆ ಹೋಗುತ್ತಾಳೆ ಎಂದೂ ನಾನೇ ಹೇಳುತ್ತೇನೆ, ಅದು ಮುಂದಿನ ಜಗಳ, ಒಂದೊಂದು ಜಗಳಕ್ಕೂ ಅದರದೇ ದಿನ ಬರಲಿ. ನನಗೂ ಹೀಗೇ ಆಗಿತ್ತು, ಹಾಸನದಲ್ಲಿ ರೈಲು ತೋರಿಸ್ತೀನಿ ಎಂದು ಅಪ್ಪ ಗಾಡಿ ಕಟ್ಟುತ್ತಿದ್ದರು, ಎತ್ತಿನ ಕೊರಳಿಗೆ ನೊಗ ಇಟ್ಟಾಗಿತ್ತು, ಅಷ್ಟರಲ್ಲಿ ಅವ್ವ ನನ್ನ ಸೀರೆ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು, ಅಪ್ಪ ನನ್ನ ಕಡೆ ನೋಡದೆ ಎತ್ತು ಬಿಚ್ಚಿದರು, ಬಿಚ್ಚಿದ್ದು ಬಿಚ್ಚಿದ್ದೇ, ಮದುವೆಯಾಯಿತು, ಗಂಡನ ಮನೆಯವರ ಜೊತೆ ಹೊಳೆ ದಾಟಿ ಈ ಕಡೆ ಬಂದೆ, ಮಕ್ಕಳಾದವು, ಒಂದು ಉಳಿಯಿತು, ರೈಲು ಹೇಗಿರುತ್ತದೋ ಇವತ್ತಿಗೂ ಗೊತ್ತಿಲ್ಲ. ಸಿಟ್ಟು ಬರುತ್ತದೆ, ಅಪ್ಪ ಸತ್ತು ಎಂಟು ವರ್ಷವಾದರೂ ಆ ಎತ್ತು ಬಿಚ್ಚಿದ್ದಕ್ಕೆ ಸಿಟ್ಟು ಬರುತ್ತದೆ.

ಈ ರೊಟ್ಟಿ ಚೆನ್ನಾಗಿ ಉಬ್ಬಿತು, ಐದಾಯಿತು, ಹಿತ್ತಲ ಬಾಗಿಲಿನಿಂದ ಅತ್ತೆ ಓರೆಯಾಗಿ ಕಾಣುತ್ತಾರೆ, ಕಾಮಾಕ್ಷಮ್ಮನವರು, ಈ ಮನೆಯ ದೊರೆ, ಒಗೆಯುವ ಕಲ್ಲಿನ ಪಕ್ಕ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ, ಬಲಗೈ ಹೆಬ್ಬೆರಳು ಮಾತ್ರ ಆಡುತ್ತಿದೆ, ಮುಂದೆ, ಹಿಂದೆ. ಲಂಗ ಎಲ್ಲಿ ಹಾಕಿದೆ, ಹೌದು, ಕೊಟ್ಟಿಗೆಯ ಹಿಂದಿನ ಬೇಲಿಯ ಮೇಲೆ, ಬಚ್ಚಲಲ್ಲಿ ಕುದಿಯುವ ನೀರು ಸುರಿದು ಗಸಗಸ ತಿಕ್ಕಿದೆ, ಕಲೆ ಹೋಗಲಿಲ್ಲ, ಕಂದು ಬಣ್ಣಕ್ಕೆ ತಿರುಗಿ ಇನ್ನೂ ಗಟ್ಟಿಯಾಯಿತು, ಹಾಗೇ ಒಣಹಾಕಿದೆ — ಅಯ್ಯೋ, ಶುಕ್ರವಾರ, ಶುಕ್ರವಾರ ಈ ಮನೆಯಲ್ಲಿ ಒಂದು ಚೌಕದ ಬಟ್ಟೆ ಒಗೆದರೂ ಲಕ್ಷ್ಮಿ ಹೋದಳು ಎನ್ನುತ್ತಾರೆ ಅತ್ತೆ, ಬೇಲಿಯ ಮೇಲೆ ಒಂಟಿ ಲಂಗ ಇದ್ದರೆ ಕಾಣದಿರುತ್ತದೆಯೇ ಆ ಹದ್ದಿನ ಕಣ್ಣಿಗೆ, ಓಡಬೇಕು, ಹಿಟ್ಟಿನ ಕೈಯಲ್ಲೇ ಓಡಬೇಕು, ಹೆಬ್ಬೆರಳು ಮುಂದೆ, ಹಿಂದೆ, ಅವರೆಕಾಯಿಯ ಸಿಪ್ಪೆ ಎಲ್ಲೂ ಕಾಣುತ್ತಿಲ್ಲವಲ್ಲ, ಮೊರವೂ ಇಲ್ಲ, ಪಕ್ಕದಲ್ಲಿ ತಣ್ಣೀರಿನ ಚೊಂಬು ಮಾತ್ರ, ಮಡಿಲಲ್ಲಿ ಹಳದಿ.

ಹಿತ್ತಲಿಗೆ ಇಳಿದೆ, ತಲೆ ಎತ್ತಲಿಲ್ಲ ಅತ್ತೆ, ಬಿಸಿನೀರು ಹಾಕಿದ್ದೀಯ, ಕಚ್ಕಂಡ್ಬಿಟ್ಟೈತೆ ಅಂದರು, ಇಷ್ಟು ವರ್ಷ ಸಂಸಾರ ಮಾಡಿದ್ದೀಯ, ತಣ್ಣೀರಾಗೆ ತಿಕ್ಬೇಕು ಅಂತ ಗೊತ್ತಿಲ್ವ. ಸೆರಗು ಸಿಕ್ಕಿಸಿಕೊಂಡೆ, ಬರಲಿ, ಈಗಲೇ ಬರಲಿ ಜಗಳ, ನಾವು ಹೋಗೇ ಹೋಗ್ತೀವಿ ಅತ್ತೆ, ರೇವಣ್ಣನಿಗೆ ಈಗಲೇ ಹೇಳಿಕಳಿಸಿ, ಗುಡ್ಲು ಹಾಕಿ, ಆ ಗುಡ್ಲು ಕಿತ್ತಾದ್ರೂ ನನ್ನ ಮಗಳನ್ನ ಕರ್ಕೊಂಡು ಹೋಗ್ತೀನಿ ಅಂದೆ, ಧ್ವನಿ ಏರಿತ್ತು, ಜಗಲಿಯಲ್ಲಿದ್ದ ಇವರಿಗೆ ಮಾತು ತಿಳಿಯಲಿಲ್ಲ, ಗದ್ದಲ ಕೇಳಿ ಹಿತ್ತಲಿಗೆ ಇಣುಕಿದರು, ಏನವ್ವಾ ಅದು ಗಲಾಟೆ, ಶುಕ್ರವಾರ ಯಾರ ಬಟ್ಟೆ ತಿಕ್ತಿದ್ದೀಯ. ಮುಗಿಯಿತು, ಈಗ ಬಾಯಿ ತೆರೆದರೆ ಮುಗಿಯಿತು, ಆನೆ ಇಲ್ಲ, ಹೊಳೆ ಇಲ್ಲ, ಒಳಗಿನಿಂದ ಚಿಕ್ಕತಾಯಿ ಉಸಿರು ಹಿಡಿದಿರುವುದು ನನಗೆ ಗೊತ್ತಾಗುತ್ತಿದೆ, ನಾನೂ ಹಿಡಿದಿದ್ದೇನೆ. ಮಗೀನ ಲಂಗ ಕಣೋ, ನನ್ನ ಎಲೆಅಡಿಕೆ ಉಗುಳು ಬಿತ್ತು ಅಂದರು ಅತ್ತೆ. ಚೊಂಬಿನಿಂದ ಇನ್ನೊಂದಿಷ್ಟು ತಣ್ಣೀರು ಬಿಟ್ಟುಕೊಂಡರು. ನನ್ನ ಕಡೆ ನೋಡಲಿಲ್ಲ, ಈಗಲೂ ನೋಡುತ್ತಿಲ್ಲ, ಒಲೆಯ ಮೇಲೆ ಆರನೆಯ ರೊಟ್ಟಿ ಕರಟುತ್ತಿದೆ, ಹೋಗಬೇಕು, ಕಾಲು ಏಳುತ್ತಿಲ್ಲ, ಹೆಬ್ಬೆರಳು, ಉಗುರು ಸವೆದ ಆ ಹೆಬ್ಬೆರಳು ಹಳದಿ ಬಟ್ಟೆಯ ಮೇಲೆ ಮುಂದೆ ಹೋಗುತ್ತಿದೆ, ಹಿಂದೆ ಬರುತ್ತಿದೆ, ಮುಂದೆ —